ಏನು ಕೊಟ್ಟರು ಎಂಬ ಪ್ರಶ್ನೆ

ಕಳೆದ ವರ್ಷ ಏಪ್ರಿಲ್ ತಿಂಗಳ ಮೂರನೇ ಶನಿವಾರ ಸಂಜೆ ಏಳೂವರೆಗೆ ವಿಜಯಪುರ ನಗರದ ಕಥೋಲಿಕ ಚರ್ಚಿನಲ್ಲಿ, ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮುನ್ನಾದಿನದ ಪೂಜೆಯಲ್ಲಿ, ಮೂವರಿಗೆ ದೀಕ್ಷಾಸ್ನಾನ ನೀಡಲಾಯಿತು. ಇಬ್ಬರು ಕೈಗೂಸುಗಳು. ಮೂರನೆಯವನು ಅರವತ್ತಮೂರು ವರ್ಷದ ನಿವೃತ್ತ ವರದಿಗಾರ. ಆ ಮೂರನೆಯವನು ನಾನು. ತಾಯಿ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕ ಗಂಗವ್ವ ಬಬಲೇಶ್ವರದಲ್ಲಿದ್ದಾಳೆ. ಅವಳು ಆ ಪೂಜೆಗೆ ಬಂದಿರಲಿಲ್ಲ.

ಪತ್ರಿಕೆಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಕೆಲಸ ಹೇಗೆ ಮಾಡಬೇಕು, ಆಗ ಹೇಗಿತ್ತು ಎಂದು ಕೇಳುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ದನಿ ತಗ್ಗಿಸಿ ಇನ್ನೊಂದನ್ನೂ ಕೇಳುತ್ತಾರೆ. ಎರಡೂ ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ನನ್ನಲ್ಲಿಲ್ಲ. ಆದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮುಖ್ಯಸ್ಥರು ಗಲಗಲಿ ಸರ್. ಸುದ್ದಿಯನ್ನು ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ, ಸಂಜೆ ಆರರ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಬೇಕಿತ್ತು. ಬಸ್ಸು ತಪ್ಪಿದರೆ ಜಿಲ್ಲೆಯಲ್ಲಿ ಅಂದು ಏನೂ ನಡೆದಿಲ್ಲ ಎಂದೇ ಲೆಕ್ಕ.

ಗಲಗಲಿ ಸರ್ ಕಲಿಸಿದ ಮೊದಲ ಪಾಠ, ಸುದ್ದಿಯಲ್ಲಿ ‘ನಾನು’ ಇರಬಾರದು. ಎರಡನೆಯದು, ಕಂಡಿರಬೇಕು, ಇಲ್ಲವೇ ಕಂಡವರ ಹೆಸರಿರಬೇಕು. ಅವರು ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದರು.

“ನೀ ನೋಡಿದ್ಯೇನು?”

“ಇಲ್ರಿ ಸರ್.”

“ಮತ್ತ ‘ಇದೆ’ ಅಂತ ಹೆಂಗ ಬರದಿ? ಯಾರರ ಹೇಳಿದ್ರ ಅವರ ಹೆಸರ ಹಾಕು. ಯಾರೂ ಹೇಳಿಲ್ಲಂದ್ರ ಹರದ ಒಗಿ.”

ಈ ಪಾಠ ನನಗೆ ಹತ್ತಿದ್ದು ಮಮದಾಪುರದ ಕೆರೆಯಿಂದ. ಒಂದು ಶ್ರಾವಣದಲ್ಲಿ ಆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಕೆರೆ ತುಂಬಿದೆ ಎಂದ. ಮಮದಾಪುರ ಕೆರೆ ತುಂಬಿ ತುಳುಕುತ್ತಿದೆ, ರೈತರ ಮೊಗದಲ್ಲಿ ಮಂದಹಾಸ ಎಂದು ನಾನು ಬರೆದೆ. ಅಂದು ಸರ್ ರಜೆಯಲ್ಲಿದ್ದರು, ಸುದ್ದಿ ಅಚ್ಚಾಯಿತು. ಮರುದಿನ ಅವರು ಬಂದವರೇ ತಮ್ಮ ಚೀಲದಿಂದ ಒಂದು ಟವೆಲ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಬಬಲೇಶ್ವರ ಬಸ್ ಹತ್ತು. ಅಲ್ಲಿಂದ ಮಮದಾಪುರಕ್ಕ ಹೋಗು. ಕೆರ್‍ಯಾಗ ಜಳಕಾ ಮಾಡಿ ಬಾ.”

ಹೋದೆ. ಕಾಲಿನ ಹರಡು ಮುಳುಗುವಷ್ಟೂ ನೀರಿರಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತವನನ್ನು ಒಬ್ಬ ಕುರಿಗಾಹಿ ಬಹಳ ಹೊತ್ತು ನೋಡಿದ.

“ಯಾಕ್ರಿ ಸಾಹೇಬ್ರ, ಎಮ್ಮಿ ಕಳಕೊಂಡೀರೇನು?”

“ಇಲ್ಲಪಾ, ಜಳಕಾ ಮಾಡಾಕ ಬಂದೀನಿ.”

“ಇಷ್ಟು ನೀರಾಗ ನಮ್ಮ ಕುರಿ ಕಾಲು ಸೈತ ತೊಕ್ಕೊಳ್ಳಂಗಿಲ್ಲ. ಯಾರು ಕಳಿಸ್ಯಾರ ನಿಮ್ಮನ್ನ?”

ಟವೆಲನ್ನು ಒಣಗಿದ್ದಂತೆಯೇ ತಂದು ಕೊಟ್ಟೆ. ಸರ್ ಅದನ್ನು ಮುಟ್ಟಿ ನೋಡಿ ಚೀಲಕ್ಕೆ ಹಾಕಿಕೊಂಡರು.

ಮೂರನೇ ಪಾಠ ಟಿಕೋಟಾ ರಸ್ತೆಯ ಒಂದು ಅಪಘಾತದ್ದು. ಲಾರಿ ಚಾಲಕ ತೀರಿಹೋಗಿದ್ದ. ಅವನ ಹೆಸರು, ಊರು ಎಲ್ಲ ನನ್ನ ಕೈಲಿತ್ತು. ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತು. ಸರ್ ಲಕೋಟೆಯ ಮೇಲೆ ಕೈಯಿಟ್ಟು ಹಿಡಿದರು.

“ಮನಿಯವರಿಗೆ ಗೊತ್ತೈತೇನು?”

“ಪೊಲೀಸರು ಹೇಳತಾರ್‍ರಿ.”

“ಹೇಳ್ಯಾರೋ, ಹೇಳತಾರೋ?”

ನನಗೆ ಗೊತ್ತಿರಲಿಲ್ಲ. ಸುದ್ದಿ ಹೆಸರಿಲ್ಲದೆ ಹೋಯಿತು. “ಒಂದ್ ದಿನಾ ತಡಾ ಆದ್ರ ಪೇಪರ್ ಸಾಯಂಗಿಲ್ಲ. ಮನಿ ಮಂದಿ ಇಂಥಾದ್ದನ್ನ ನಮ್ಮ ಅಕ್ಷರದಾಗ ಮೊದಲ ಓದಬಾರದು. ಮನಿಗೆ ಮೊದಲ ಗೊತ್ತಾಗಬೇಕು, ಊರಿಗೆ ಆಮ್ಯಾಲ” ಎಂದರು. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು, ಈಗ ಘಟನೆಯ ಸ್ಥಳದಿಂದಲೇ ಮೊಬೈಲಿನಲ್ಲಿ ಸುದ್ದಿ ಹೋಗುತ್ತದೆ. ಬದಲಾಗಬೇಕಾದ ಅಗತ್ಯವಿಲ್ಲದ ಒಂದು ವಿಧಾನ ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಇದನ್ನೇ ಹೇಳುತ್ತೇನೆ.

ಫ್ಯಾಕ್ಸ್ ಬಂದ ಹೊಸತರಲ್ಲಿ ಒಂದು ದೂರಿನ ಸುದ್ದಿ ಬಂತು. ಟಿಕೋಟಾದ ಹತ್ತಿರ ಒಬ್ಬ ಹೆಂಗಸಿಗೆ ಆಸೆ ತೋರಿಸಿ ಮತಾಂತರ ಮಾಡಿದ್ದಾರೆಂದು ಆಕೆಯ ಮೈದುನ ಪೊಲೀಸರಿಗೆ ದೂರು ಕೊಟ್ಟಿದ್ದ. ಇಂಥ ಸುದ್ದಿಗೆ ನಮ್ಮ ವೃತ್ತಿಯಲ್ಲಿ ಒಂದು ಸಿದ್ಧ ಪ್ರಶ್ನೆಯಿದೆ. ಗಲಗಲಿ ಸರ್ ಅದನ್ನೇ ಹೇಳಿ ಕಳಿಸಿದರು. “ಏನ್ ಕೊಟ್ರು ಅಂತ ಕೇಳು.”

ಆಕೆಯ ಹೆಸರು ನೀಲವ್ವ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ. ನಾನು ಹೋದಾಗ ನೆಲದ ಮೇಲೆ ಕೂತು ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಏನ್ ಕೊಟ್ರು?” ಎಂದು ಕೇಳಿದೆ.

“ಹೊಲಿಗಿ ಮಷಿನ್ ಕೊಟ್ಟಾರಂತ ನಮ್ಮ ಮೈದುನ ಬರಿಸ್ಯಾನಲ್ರಿ. ಬರ್‍ರಿ ಮನಿಗೆ, ನೀವೂ ಹುಡುಕ್ರಿ. ಸಿಕ್ರ ನನಗೂ ಒಂದು ಜಂಪರ್ ಹೊಲಕೋಬೇಕಾಗೇತಿ.”

ಸುತ್ತ ಕೂತ ಹೆಂಗಸರು ನಕ್ಕರು. ನಾನೂ ನಕ್ಕೆ. ಮತ್ತೆ ಅದೇ ಪ್ರಶ್ನೆ ಕೇಳಿದೆ, ಏಕೆಂದರೆ ಉತ್ತರ ಸಿಕ್ಕಿರಲಿಲ್ಲ. ಆಗ ಆಕೆ ಹೇಳಿದಳು. ಆಕೆಯ ಮಗಳು ಜ್ವರದಿಂದ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಲ್ಲಿ ಬಿಟ್ಟುಬಂದಿದ್ದ ಬೋಗಾಣಿ, ಕೌದಿ ತರಲು ಕೆಲವು ದಿನಗಳ ನಂತರ ನೀಲವ್ವ ಒಬ್ಬಳೇ ಹೋಗಿದ್ದಳು.

“ಆಸ್ಪತ್ರ್ಯಾಗ ಕುಂತ್ರ ವಾರ್ಡಿನವರು ಏಳು ಅಂದ್ರು. ಅಂಗಡಿ ಕಟ್ಟಿಮ್ಯಾಗ ಕುಂತ್ರ ಅಂಗಡಿಯಾಂವ ಏಳು ಅಂದ. ಹಾದ್ಯಾಗ ಆ ಚರ್ಚಿನ ಬಾಗಲಾ ತೆರದಿತ್ತು, ಒಳಗ ಹೋಗಿ ಕುಂತೆ. ಅಲ್ಲಿ ಯಾರೂ ಏಳು ಅನ್ನಲಿಲ್ಲರಿ. ಎದುರಿಗೆ ಶಿಲುಬಿ ಮ್ಯಾಲ ಅಂವ ಇದ್ದ. ಅವಂಗೂ ಕೆಳಗ ಇಳಿಯಾಕ ಬರಂಗಿಲ್ಲ ಅನಸ್ತು. ಇಬ್ಬರೂ ಹಂಗ ಇದ್ವಿ. ಹೊತ್ತ ಮುಣಗೂತನಾ ಇದ್ವಿ. ಆಮ್ಯಾಲ ಬಸ್ ಹತ್ತಿದೆ.”

“ಅಷ್ಟ ಏನು?”

“ಅಷ್ಟರಿ. ಮತ್ತ ಮುಂದಿನ ವಾರ ಹ್ವಾದೆ.”

ಪೊಲೀಸರು ವಿಚಾರಣೆ ಮಾಡಿ ದೂರಿನಲ್ಲಿ ಹುರುಳಿಲ್ಲ ಎಂದರು. ನಾನು ಎರಡು ಪುಟ ಬರೆದಿದ್ದೆ. ಗಲಗಲಿ ಸರ್ ಅದನ್ನು ನಾಲ್ಕು ಸಾಲಿಗೆ ಇಳಿಸಿದರು. “ಏಳು ಅನ್ನಲಿಲ್ಲ ಅನ್ನೂದು ಸುದ್ದಿ ಅಲ್ಲೋ ತಮ್ಮಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, “ಖರೇ ಮಾತೈತಿ. ಆದ್ರ ಸುದ್ದಿ ಅಲ್ಲ” ಎಂದು ಸೇರಿಸಿದರು. ಅವರು ಮಾಡಿದ್ದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಹೊಸಬರು ಒಂದನ್ನು ತಿಳಿದಿರಬೇಕು. ಈ ಕೆಲಸದಲ್ಲಿ ಅಚ್ಚಾದದ್ದು ಮರೆತುಹೋಗುತ್ತದೆ. ಕತ್ತರಿಸಿದ್ದು ಜೊತೆಗೆ ಬರುತ್ತದೆ.

ಆ ಚರ್ಚಿಗೆ ನಾನು ಪ್ರತಿ ವರ್ಷ ಕ್ರಿಸ್‌ಮಸ್ ದಿನ ಹೋಗುತ್ತಿದ್ದೆ. ಭಕ್ತಿಯಿಂದಲ್ಲ. ಹಬ್ಬದ ಸುದ್ದಿಗೆ ಒಂದು ಫೋಟೋ ಬೇಕು. ಸಡಗರ ಸಂಭ್ರಮದಿಂದ ಆಚರಿಸಲಾಯಿತು ಎಂಬ ಸಾಲನ್ನು ಹಿಂದಿನ ದಿನವೇ ಬರೆದಿಟ್ಟಿರುತ್ತಿದ್ದೆವು. ಎಲ್ಲ ಪತ್ರಿಕೆಯವರೂ ಹೀಗೇ ಮಾಡುತ್ತಾರೆ. ಬೆಳಗಿನ ಪೂಜೆಗೆ ಹೋಗಿ, ಮೊದಲ ಹಾಡು ಮುಗಿಯುವುದರೊಳಗೆ ಫೋಟೋ ತೆಗೆದು ಹೊರಬೀಳುವುದು. ಇಪ್ಪತ್ತಕ್ಕೂ ಹೆಚ್ಚು ಸಲ ಆ ಪೂಜೆಯ ಬಗ್ಗೆ ಬರೆದಿದ್ದೆ. ಒಂದು ಸಲವೂ ಅದನ್ನು ಕೊನೆಯವರೆಗೆ ನೋಡಿರಲಿಲ್ಲ.

ನಿವೃತ್ತಿಗೆ ನಾಲ್ಕು ವರ್ಷ ಮೊದಲು ನನ್ನ ಹೆಂಡತಿ ಶಾರದಾ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಆ ವರ್ಷದ ಕ್ರಿಸ್‌ಮಸ್ ಬೆಳಿಗ್ಗೆ ಎಂದಿನಂತೆ ಫೋಟೋ ತೆಗೆದು ಕಳಿಸಿದೆ. ನಂತರ ಎದ್ದು ಹೋಗಬೇಕಾಗಿತ್ತು. ಹೋಗಲು ಜಾಗವಿರಲಿಲ್ಲ. ಕಚೇರಿಯಲ್ಲಿ ಬೇರೆ ಕೆಲಸವಿಲ್ಲ, ಮನೆಯಲ್ಲಿ ಯಾರೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತೇ ಇದ್ದೆ. ಪೂಜೆ ಮುಗಿದು ಜನ ಹೊರಹೋಗುವಾಗ ಒಬ್ಬ ಹೆಂಗಸು ಹತ್ತಿರ ಬಂದು ನಿಂತಳು. ಕೂದಲು ಬೆಳ್ಳಗಾಗಿತ್ತು. ದನಿಯಿಂದ ಗುರುತು ಹಿಡಿದೆ.

“ಸರಽ, ಫೋಟೋ ಆತಲ್ಲ, ಇನ್ನೂ ಕುಂತೀರಿ?” ಎಂದಳು ನೀಲವ್ವ.

“ಹಂಗ ಕುಂತೀನಿ.”

ನನ್ನ ಮುಖ ನೋಡಿದಳು. ಏನಾಯಿತೆಂದು ಕೇಳಲಿಲ್ಲ. “ಕುಂಡರ್‍ರಿ. ಇಲ್ಲಿ ಏಳು ಅನ್ನೋರು ಯಾರೂ ಇಲ್ಲ” ಎಂದು ಹೇಳಿ, ಬೆಂಚಿನ ಆ ತುದಿಯಲ್ಲಿ ತಾನೂ ಕೂತಳು. ಟಿಕೋಟಾದ ಬಸ್ಸು ತಪ್ಪುತ್ತದೆ ಎಂದು ಜೊತೆಯವರು ಕರೆದರೂ ಏಳಲಿಲ್ಲ.

ಅಂದು ನನಗೆ ದರ್ಶನವೇನೂ ಆಗಲಿಲ್ಲ. ಯಾವ ದನಿಯೂ ಕೇಳಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ, ಅಷ್ಟೇ. ನಿವೃತ್ತಿಯಾದ ಮೇಲೆ ಬಿಡದೆ ಹೋದೆ. ಕಾರವಾರ ಕಡೆಯ ಒಬ್ಬ ಯುವ ಫಾದರ್ ಇದ್ದರು. ಅವರ ಬಳಿ ಕಲಿಯಲು ಕೂತಾಗ ಪತ್ರಿಕಾಗೋಷ್ಠಿಯಲ್ಲಿ ಕೇಳುವಂತೆಯೇ ಕೇಳಿದೆ. ಇದನ್ನು ಯಾರು ಕಂಡರು, ಯಾರು ಬರೆದರು, ಬೈಬಲ್ಲಿನ ನಾಲ್ಕು ಶುಭಸಂದೇಶಗಳಲ್ಲಿ ವ್ಯತ್ಯಾಸವೇಕೆ? ಫಾದರ್ ಸಿಟ್ಟಾಗಲಿಲ್ಲ. ಗೊತ್ತಿದ್ದದ್ದಕ್ಕೆ ಉತ್ತರಿಸಿದರು. ಶಾರದಾಳ ಬಗ್ಗೆ ನಾನು ಒಂದು ಪ್ರಶ್ನೆ ಕೇಳಿದಾಗ ಮಾತ್ರ, “ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ನಿಮ್ಮ ಹಾಗೇ ನಾನೂ ಕಾಯ್ತಾ ಇದ್ದೇನೆ” ಎಂದರು. ಮೂವತ್ತೈದು ವರ್ಷ ಉತ್ತರ ಗೊತ್ತಿಲ್ಲದೆಯೂ ಉತ್ತರಿಸುವವರನ್ನೇ ಕಂಡಿದ್ದ ನನಗೆ ಆ ಮಾತು ಹಿಡಿಸಿತು.

ದೀಕ್ಷಾಸ್ನಾನ ಪಡೆಯುವುದೆಂದು ನಿರ್ಧರಿಸಿದ ಮೇಲೆ ಗಲಗಲಿ ಸರ್ ಹೇಳಿದ ನಿಯಮ ನೆನಪಾಯಿತು. ಮನೆಗೆ ಮೊದಲು. ದಸರೆ ಮುಗಿದ ವಾರ ಬಬಲೇಶ್ವರದ ಬಸ್ಸು ಹತ್ತಿದೆ.

ಅಕ್ಕ ಗಂಡ ತೀರಿದ ಮೇಲೆ ತವರಿಗೆ ಬಂದವಳು. ನಮ್ಮ ಮನೆ, ಹೊಲ ನೋಡಿಕೊಳ್ಳುವವರು ಅವಳು ಮತ್ತು ಅವಳ ಮಗ ಸಂಗಪ್ಪ. ನಾನು ಹೋದಾಗ ಕಟ್ಟೆಯ ಮೇಲೆ ಪುಂಡಿಪಲ್ಯ ಸೋಸುತ್ತ ಕೂತಿದ್ದಳು.

“ಅಕ್ಕಾ, ನಿನಗೊಂದು ಮಾತ ಮೊದಲ ಹೇಳಬೇಕು.”

“ಈ ವಯಸ್ಸಿನ್ಯಾಗ ಲಗ್ನ ಆಗ್ತೀಯೇನು?” ಎಂದು ನಕ್ಕಳು.

ಹೇಳಿದೆ. ಅವಳ ಕೈ ನಿಂತಿತು.

“ಏನ್ ಕೊಟ್ರು ನಿನಗ?”

ನಾನು ಎಷ್ಟೋ ಜನರಿಗೆ ಕೇಳಿದ ಪ್ರಶ್ನೆ. ನನಗೆ ಯಾರಾದರೂ ಕೇಳಿದ್ದು ಅದೇ ಮೊದಲು.

“ಏನೂ ಇಲ್ಲಕ್ಕಾ.”

“ಏನೂ ಕೊಡಲಾರದ ಯಾರರ ಮನಿ ಬಿಟ್ಟ ಹೋಗ್ತಾರೇನು?”

“ಮನಿ ಬಿಟ್ಟಿಲ್ಲ ಬೇ.”

“ಎಳ್ಳ ಅಮಾಸಿಗೆ ಚರಗಾ ಯಾರು ಚೆಲ್ಲಾವ್ರು? ಅಪ್ಪ ಹ್ವಾದ ಮ್ಯಾಲ ನೀನ ಚೆಲ್ಲಿದಿ.”

ಅಮಾವಾಸ್ಯೆಯ ದಿನ ಹಬ್ಬದಡುಗೆ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜಿಸಿ, ಬೆಳೆಯ ನಡುವೆ ಅನ್ನ ಚೆಲ್ಲಿ ಬರುವುದು ನಮ್ಮ ಕಡೆಯ ಪದ್ಧತಿ. “ಪೂಜಾ ಮಾಡಾಕ ನನಗ ಬರಂಗಿಲ್ಲ. ಹೊಲಕ್ಕ ಬರ್ತೀನಿ, ಬುಟ್ಟಿ ಹೊರತೀನಿ, ನಿನ್ನ ಬಾಜೂಕ ಕುಂತು ಉಣ್ತೀನಿ” ಎಂದೆ. ಅವಳು ಸೋಸಿದ ಎಲೆಗಳನ್ನು ಬುಟ್ಟಿಗೆ ಹಾಕಿದಳು. ಆಮೇಲೆ, ಸ್ವಲ್ಪ ಮೆತ್ತಗಾಗಿಯೇ, “ಅಲ್ಲಿ ನಿನ್ನ ಕಡಿಂದ ಯಾರು ನಿಂದರತಾರ?” ಎಂದು ಕೇಳಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸದಿಂದ ಹೇಳಿದೆ. “ಟಿಕೋಟಾದ ನೀಲವ್ವ ಅಂತ. ಹಂಗ ನಿಂದರೋರಿಗೆ ಧರ್ಮಮಾತೆ ಅಂತಾರ.”

ದೇವರ ಮಾತಿಗೆ ಬಾರದ ಕಣ್ಣೀರು ಅವಳಿಗೆ ಆಗ ಬಂತು. “ಎದಿಹಾಲ ಒಂದ ಬಿಟ್ಟು ಎಲ್ಲಾ ನಾ ಕೊಟ್ಟೀನಲ್ಲೋ ಯಪ್ಪಾ. ಈಗ ಮುಪ್ಪಿನ್ಯಾಗ ನಿನಗ ಇನ್ನೊಬ್ಬಾಕಿ ತಾಯಿ ಬೇಕಾದ್ಲೇನು?”

ಸಂಜೆಯ ಬಸ್ಸಿಗೆ ಎದ್ದೆ. ಆ ಮನೆಯಿಂದ ನಾನು ಎಂದು ಹೊರಟರೂ ಅಕ್ಕ ವಸ್ತ್ರದಲ್ಲಿ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಶಾಲೆಗೆ ಹೋಗುವಾಗಿನಿಂದ ತಪ್ಪಿರಲಿಲ್ಲ. ಅಂದು ಕೊಡಲಿಲ್ಲ. ಆ ವರ್ಷದ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಾ ಎಂಬ ಕರೆಯೂ ಬರಲಿಲ್ಲ.

ಮತಾಂತರವನ್ನು ಮೊದಲೇ ತಿಳಿಸಬೇಕೆಂಬ ಕಾನೂನಿನಂತೆ ಜಿಲ್ಲಾಡಳಿತಕ್ಕೆ ಅರ್ಜಿ ಕೊಟ್ಟೆ. ಅದು ಕಚೇರಿಯ ಫಲಕಕ್ಕೆ ಬಂದ ದಿನವೇ ನಮ್ಮ ಪತ್ರಿಕೆಯ ವರದಿಗಾರ್ತಿ ಸುಮಾ ಫೋನ್ ಮಾಡಿದಳು. ನಾನು ಕೆಲಸ ಕಲಿಸಿದ ಹುಡುಗಿ.

“ಸರ್, ಡೆಸ್ಕಿನವರು ಕೇಳಾಕ ಹೇಳ್ಯಾರ್‍ರಿ. ತಪ್ಪ ತಿಳಕೋಬ್ಯಾಡ್ರಿ.”

“ಏನ್ ಕೊಟ್ರು ಅಂತ ಹೌದಿಲ್ಲೋ? ಕೇಳವ್ವ. ಕೇಳಬೇಕಾದ್ದ ಅದು.”

“ಏನ್ ಕೊಟ್ರು ಸರ್?”

“ಕೊಟ್ಟಾರ. ಆದ್ರ ನನ್ನ ಮಾತ ಬಿಟ್ರ ಇದಕ್ಕ ಎರಡನೇ ಮೂಲ ಇಲ್ಲ. ನಾ ಡೆಸ್ಕಿನ್ಯಾಗ ಇದ್ದಿದ್ರ ಹಾಕ್ತಿರಲಿಲ್ಲ.”

ಆಚೆಯಿಂದ ನಗು ಕೇಳಿಸಿತು. ಅವಳೂ ಹಾಕಲಿಲ್ಲ.

ತಮಾಷೆಗೆ ಹೇಳಿದ್ದಾದರೂ ಅದು ನಿಜ. ಇದಕ್ಕೆ ಕೆಲವು ತಿಂಗಳು ಮೊದಲು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಫಾದರ್ ಎರಡು ಪ್ರಶ್ನೆ ಕೇಳಿದ್ದರು. ಧರ್ಮಸಭೆಯಿಂದ ಏನನ್ನು ಕೇಳುತ್ತೀರಿ? ವಿಶ್ವಾಸವನ್ನು. ವಿಶ್ವಾಸ ನಿಮಗೆ ಏನು ಕೊಡುತ್ತದೆ? ನಿತ್ಯಜೀವವನ್ನು. ಉತ್ತರ ಮೊದಲೇ ಕಲಿಸಿದ್ದರು. ನಮ್ಮ ವೃತ್ತಿಯ ಪ್ರಶ್ನೆಯೇ ಅವರ ಪೂಜೆಯಲ್ಲೂ ಇರುವುದು ಮಾತ್ರ ನನಗೆ ಅಲ್ಲಿ ನಿಂತಾಗಲೇ ಹೊಳೆದದ್ದು. ನಾನು ಜೀವಮಾನವಿಡೀ ಪರಿಶೀಲಿಸಿದವನು, ಪರಿಶೀಲನೆಯನ್ನು ಬಿಡಿ ಎಂದು ಹೊಸಬರಿಗೆ ಎಂದೂ ಹೇಳುವುದಿಲ್ಲ. ಆದರೆ ವಿಶ್ವಾಸ ನನ್ನ ಪರಿಶೀಲನೆಯ ಕೊನೆಯಲ್ಲಿ ಸಿಕ್ಕಿದ್ದಲ್ಲ. ನಾನು ಹುಡುಕಿ ಹೋಗಿರಲಿಲ್ಲ, ಕೆಲಸ ಮುಗಿದ ಮೇಲೆ ಹೋಗಲು ಜಾಗವಿಲ್ಲದೆ ಕೂತಿದ್ದೆ. ಆಗ ಕೊಟ್ಟರು. ದುಡಿದು ಪಡೆದದ್ದನ್ನು ನನ್ನದು ಎಂದು ಇಟ್ಟುಕೊಳ್ಳಬಹುದು. ಕೊಟ್ಟದ್ದರ ಮುಂದೆ ಕೈಚಾಚಿ ನಿಲ್ಲುವುದೊಂದೇ ದಾರಿ. ಈಗಲೂ ಭಾನುವಾರ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತು ಎರಡು ಕೈ ಮುಂದೆ ಮಾಡುವಾಗ ಅದು ಹೊಸದಾಗಿ ಗೊತ್ತಾಗುತ್ತದೆ.

ಏಪ್ರಿಲ್‌ನ ಆ ಸಂಜೆ ಫಾದರ್ ಮೂರು ಸಲ ಕೇಳಿದರು, ವಿಶ್ವಾಸಿಸುತ್ತೀರಾ ಎಂದು. ಇಲ್ಲಿ ‘ಎಂದು ತಿಳಿದುಬಂದಿದೆ’ ನಡೆಯುವುದಿಲ್ಲ. ಯಾರದೋ ಹೆಸರು ಹಾಕುವಂತಿಲ್ಲ. ನಾನೇ ಹೇಳಬೇಕು. ಮೊದಲ ಸಲ ಪಿಸುದನಿಯಲ್ಲಿ ಹೇಳಿದೆ. ಹಿಂದೆ ನಿಂತಿದ್ದ ನೀಲವ್ವ, “ಜೋರ ಹೇಳ್ರಿ ಸರಽ, ಹಿಂದಿನವರಿಗೆ ಕೇಳವಲ್ದು” ಎಂದು ಬೆನ್ನಿಗೆ ತಿವಿದಳು. ವಿಶ್ವಾಸಿಸುತ್ತೇನೆ ಎಂದೆ. ಹೆಸರಿಗೆ ಜೋಸೆಫ್ ಎಂದು ಸೇರಿಸಿದರು, ನಾನೇ ಆರಿಸಿದ್ದು. ದೇವಪುತ್ರನನ್ನು ಸಾಕಿದ ಆ ಬಡಗಿ ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ, ಮಾಡಿದ್ದಷ್ಟೇ ಇದೆ. ತಲೆಯ ಮೇಲೆ ನೀರು ಸುರಿದಾಗ ಶರ್ಟು ನೆನೆಯಿತು. ನೀಲವ್ವ ಟವೆಲ್ ಕೊಟ್ಟಳು.

ಮರುದಿನ ಧಾರವಾಡದಿಂದ ಗಲಗಲಿ ಸರ್ ಫೋನ್ ಬಂತು. ಅವರಿಗೆ ಈಗ ಎಂಬತ್ತು ದಾಟಿದೆ.

“ಸುದ್ದಿ ಎರಡು ಕಡಿಂದ ಬಂತು. ಖರೇ ಏನಲೇ?”

“ಖರೇರಿ ಸರ್.”

“ನೀರಿತ್ತೇನು?”

“ಇತ್ತರಿ.”

“ಟವೆಲ್ ಒಯ್ದಿದ್ದಿಲ್ಲೋ?” ಎಂದು ಕೇಳಿ, ಕೆಮ್ಮು ಬರುವವರೆಗೆ ನಕ್ಕರು.

ಅಕ್ಕ ಮಾತು ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಹೋದರೆ ಚಹಾ ಕೊಡುತ್ತಿದ್ದಳು, ಮಳೆ ಬೆಳೆ ಮಾತಾಡುತ್ತಿದ್ದಳು. ಹೊರಡುವಾಗ ರೊಟ್ಟಿ ಮಾತ್ರ ಕಟ್ಟುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಸಂಗಪ್ಪ ಫೋನ್ ಮಾಡಿದ.

“ಮಾವಾ, ನಿನ್ನ ಟಿಕೋಟಾದಾಕಿ ಬಂದಿದ್ಲು.”

“ಯಾರು, ನೀಲವ್ವ? ನಾ ಕಳಿಸಿಲ್ಲಲ್ಲ.”

“ತಾನ ಬಂದಾಳ. ಕಟ್ಟಿಮ್ಯಾಗ ಕುಂತ್ಲು. ಅವ್ವ ಒಳಗ ಬಾ ಅನ್ನಲಿಲ್ಲ. ಏಳು ಅಂತೂ ಅನ್ನಲಿಲ್ಲ.”

“ಏನ್ ಮಾತಾಡಿದ್ರು?”

“ನನಗೇನ್ ಗೊತ್ತು? ನಾ ದನಾ ಕಟ್ಟಾಕ ಹೋಗಿದ್ದೆ. ತಿರುಗಿ ಬರೂದ್ರಾಗ ಇಬ್ಬರೂ ಕೂಡಿ ಪುಂಡಿಪಲ್ಯ ಸೋಸಾಕತ್ತಿದ್ರು.”

ಅವರು ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಇಬ್ಬರೂ ಹೇಳಿಲ್ಲ. ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ, ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಅಕ್ಕನೇ ಫೋನ್ ಮಾಡಿದಳು. “ನಾಳೆ ಲಗೂನ ಬಾ. ಬುಟ್ಟಿ ಹೊರಾಕ ಮಂದಿಲ್ಲ” ಎಂದು ಹೇಳಿ ಇಟ್ಟಳು. ಹೋದೆ. ಚರಗ ಚೆಲ್ಲಿದವನು ಸಂಗಪ್ಪ. ಪೂಜೆ ಮುಗಿಯುವವರೆಗೆ ನಾನು ಬದುವಿನ ಮೇಲೆ ನೀರಿನ ಕೊಡ ಹಿಡಿದು ನಿಂತಿದ್ದೆ. ಅಕ್ಕ ಎಲ್ಲರಿಗೂ ಬಡಿಸಿ, ಕೊನೆಗೆ ತನ್ನ ಪಕ್ಕದ ನೆಲವನ್ನು ಕೈಯಿಂದ ಒರೆಸಿ, “ಕುಂಡರು” ಎಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಉಂಡೆ.

ಸಂಜೆ ಬಸ್ಸಿಗೆ ಹೊರಟಾಗ ಎರಡು ಗಂಟು ತಂದು ನನ್ನ ಕೈಗಿಟ್ಟಳು.

“ಒಂದು ನಿನಗ. ಇನ್ನೊಂದು ಆಕಿಗೆ. ನನ್ನ ವಸ್ತ್ರ ತಿರುಗಿ ಬರಬೇಕು ಅಂತ ಹೇಳು.”

ಎರಡನೆಯ ಗಂಟನ್ನು ಮರುದಿನ ಟಿಕೋಟಾಕ್ಕೆ ಮುಟ್ಟಿಸಿದೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ನೀಲವ್ವ ಆ ವಸ್ತ್ರವನ್ನು ಒಗೆದು, ಅದರಲ್ಲಿ ಒಣದ್ರಾಕ್ಷಿ ಕಟ್ಟಿ ಕೊಟ್ಟಳು. ಸೋಮವಾರ ಬೆಳಗಿನ ಬಸ್ಸಿಗೆ ಬಬಲೇಶ್ವರಕ್ಕೆ ಒಯ್ದೆ. ಅಕ್ಕ ಗಂಟು ಬಿಚ್ಚಿ, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, “ಹುಳಿ ಅದಾವು” ಎಂದಳು. ಉಳಿದದ್ದನ್ನು ಡಬ್ಬಿಗೆ ತುಂಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟಳು. ವಸ್ತ್ರದಲ್ಲಿ ಮತ್ತೆ ರೊಟ್ಟಿ ಕಟ್ಟಿದಳು.